ಲಕೋಟೆ ಬಿಸಾಡೋ ಮುಂಚೆ

(ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಭಾಷಣ ಮಾಡಿ ನನಗೆ ಅಭ್ಯಾಸ ಇಲ್ಲ. ಸರ್ಕಾರದ ಪರಿಹಾರದ ಹಣ ಬ್ಯಾಂಕ್ ಖಾತೆ ಇದ್ದರೆ ಹೇಗೆ ಬರುತ್ತೆ, ಇಲ್ಲದಿದ್ದರೆ ಹೇಗೆ ಬರುತ್ತೆ ಅಂತ ಹೇಳು ಅಂದಿದ್ದಾರೆ. ನಾನೇ ಮಾಡಿಕೊಂಡ ಎಡವಟ್ಟಿನಿಂದ ಶುರು ಮಾಡ್ತೀನಿ.

2020ರ ಮೇ ತಿಂಗಳು. ಜರ್ಸಿ ಸಿಟಿಯ ಜರ್ನಲ್ ಸ್ಕ್ವೇರ್ ಹತ್ತಿರ ಒಂದು ಬೇಸ್‌ಮೆಂಟಿನಲ್ಲಿ ನಾವು ಐದು ಜನ. ಹೋಟೆಲ್ ಕೆಲಸ ಮಾರ್ಚಿನಲ್ಲೇ ನಿಂತಿತ್ತು. ಮಾರ್ಚ್ 27ಕ್ಕೆ ಕಾನೂನಾಗಿ, ದೊಡ್ಡವರಿಗೆ ತಲೆಗೆ 1,200 ಡಾಲರ್ ತನಕ, ಮಕ್ಕಳಿಗೆ 500 ಅಂತ ಘೋಷಣೆಯಾಯಿತು. ಟ್ಯಾಕ್ಸ್ ರಿಟರ್ನಿನಲ್ಲಿ ಖಾತೆ ನಂಬರ್ ಕೊಟ್ಟಿದ್ದವರಿಗೆ ಏಪ್ರಿಲಿನಲ್ಲೇ ಜಮಾ ಆಯ್ತು. ನಾನು ಕೊಟ್ಟಿರಲಿಲ್ಲ, ಕಾದೆ. ಒಂದು ದಿನ ಸಾದಾ ಬಿಳಿ ಲಕೋಟೆ ಬಂತು. ಒಳಗೆ ಹೆಸರೇ ಕೇಳದ ಬ್ಯಾಂಕಿನ ಕಾರ್ಡು. ಇದೂ ಕ್ರೆಡಿಟ್ ಕಾರ್ಡ್ ಜಾಹೀರಾತೇ ಅಂದುಕೊಂಡು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ನನ್ನ 1,200 ಡಾಲರ್ ಅದರಲ್ಲೇ ಇತ್ತು! ಆ ಸಲ ಸುಮಾರು 40 ಲಕ್ಷ ಜನಕ್ಕೆ ಚೆಕ್ ಬದಲು ಹೀಗೆ ಕಾರ್ಡ್ ಹೋಗಿತ್ತು ಅಂತ ಆಮೇಲೆ ಗೊತ್ತಾಯಿತು. ಫೋನ್ ಮಾಡಿ ಮಾಡಿ ಬೇರೆ ಕಾರ್ಡ್ ತರಿಸಿಕೊಳ್ಳುವಷ್ಟರಲ್ಲಿ ಎರಡು ತಿಂಗಳ ಬಾಡಿಗೆ ಸಾಲವಾಗಿತ್ತು.

ಖಾತೆ ಇದ್ದೂ ಹಣ ಬಾರದವರು ನಮ್ಮಲ್ಲೇ ಇದ್ದರು. ಗಂಡ ಎಚ್-1ಬಿ, ಹೆಂಡತಿ ಎಚ್-4. ಆಕೆಗೆ ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲ, ಐಟಿಐಎನ್ ಮಾತ್ರ. ಇಬ್ಬರೂ ಸೇರಿ ರಿಟರ್ನ್ ಹಾಕಿದ್ದರೆ ಮೊದಲ ಕಂತಿನಲ್ಲಿ ಗಂಡನಿಗೂ ಇಲ್ಲ, ಇಲ್ಲೇ ಹುಟ್ಟಿದ ಮಗುವಿಗೂ ಇಲ್ಲ. ಗಂಡನ ಸಂಬಳದಲ್ಲಿ ಮಾತ್ರ ಟ್ಯಾಕ್ಸ್ ತಪ್ಪದೆ ಹಿಡಿದಿದ್ದರು. ಡಿಸೆಂಬರಿನಲ್ಲಿ ಕಾನೂನು ತಿದ್ದಿದರು: ನಂಬರ್ ಇರುವ ಗಂಡನಿಗೆ, ಮಗುವಿಗೆ ಹಿಂದಿನದೂ ಸೇರಿಸಿ 2020ರ ರಿಟರ್ನಿನಲ್ಲಿ ಕೇಳಬಹುದು ಅಂತ. ಕೇಳಿದವರಿಗೆ ಸಿಕ್ಕಿತು. ಕೇಳದವರಿಗೆ 2024ರ ಮೇ 17ಕ್ಕೆ ಬಾಗಿಲು ಮುಚ್ಚಿತು.

ಪೇಪರ್ ಇಲ್ಲದ ಕೆಲಸಗಾರರಿಗೆ ಅಂತ ನ್ಯೂಯಾರ್ಕ್ ರಾಜ್ಯ 2021ರ ಆಗಸ್ಟಿನಲ್ಲಿ ಬೇರೆ ನಿಧಿ ತೆರೆಯಿತು, ಒಬ್ಬರಿಗೆ 15,600 ಡಾಲರ್ ತನಕ. ಅದಕ್ಕೆ ಬ್ಯಾಂಕ್ ಖಾತೆ ಬೇಕಿರಲಿಲ್ಲ, ಹಣ ಕಾರ್ಡಿನಲ್ಲಿ ಅಂಚೆಯಲ್ಲೇ ಬರುತ್ತಿತ್ತು. ಬೇಕಾಗಿದ್ದು ಇಂಥ ಕಡೆ ಇದ್ದೆ, ಇಂಥ ಕೆಲಸ ಮಾಡಿದೆ ಅನ್ನೋ ದಾಖಲೆ. ಕೈಗೆ ಕಾಸು ಈಸ್ಕೊಂಡು ದುಡಿದವರು ಅಲ್ಲೇ ಸಿಕ್ಕಿಕೊಂಡರು. ಅಕ್ಟೋಬರಿಗೆ ಅರ್ಜಿ ನಿಂತೇ ಹೋಯಿತು.

ಅದಕ್ಕೇ ಹೇಳೋದು, ಖಾತೆ ಇಲ್ಲದವನಿಗೆ ವಿಳಾಸವೇ ಖಾತೆ. ನಾವೋ ವರ್ಷಕ್ಕೆರಡು ಮನೆ ಬದಲಾಯಿಸೋರು. ಟ್ಯಾಕ್ಸ್ ಇಲಾಖೆಗೆ 8822 ನಂಬರಿನ ಫಾರಂ ತುಂಬಿ ಕಳಿಸಿ, ಅಂಚೆ ಕಚೇರಿಗೂ ತಿಳಿಸಿ. 2025ರಲ್ಲಿ ನ್ಯೂಯಾರ್ಕ್ ರಾಜ್ಯ ಬೆಲೆ ಏರಿಕೆಗೆ ಅಂತ 400 ಡಾಲರ್ ತನಕ ಕಳಿಸಿತಲ್ಲ, ಅದು ಖಾತೆ ಇದ್ದವರಿಗೂ ಚೆಕ್ಕಾಗಿ ಮನೆ ಬಾಗಿಲಿಗೇ ಬಂತು. ಅರ್ಜಿಯೂ ಇಲ್ಲ. "ಹಣ ಬೇಕಾದರೆ ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬಂದರೆ ಕಳ್ಳರದ್ದು ಅಂತಲೇ ತಿಳ್ಕೊಳ್ಳಿ.

ಕೇಂದ್ರ ಸರ್ಕಾರದ ಕಥೆ ಬೇರೆ. 2025ರ ಸೆಪ್ಟೆಂಬರ್ 30ರಿಂದ ಅದು ಕಾಗದದ ಚೆಕ್ ಕೊಡುವುದನ್ನು ಬಹುಪಾಲು ನಿಲ್ಲಿಸುತ್ತಾ ಬಂದಿದೆ. ಹಾಗಾಗಿ ಖಾತೆ ತೆಗೆಯೋಕೆ ಹೆದರಬೇಡಿ. ಸೋಶಿಯಲ್ ನಂಬರ್ ಇಲ್ಲದಿದ್ದರೂ ಪಾಸ್‌ಪೋರ್ಟ್, ಐಟಿಐಎನ್ ನೋಡಿ ಖಾತೆ ಕೊಡೋ ಬ್ಯಾಂಕುಗಳಿವೆ, ಕ್ರೆಡಿಟ್ ಯೂನಿಯನ್ನುಗಳಿವೆ. ನ್ಯೂಯಾರ್ಕ್ ನಗರದಲ್ಲಿ ಇರೋರಿಗೆ ಐಡಿಎನ್‌ವೈಸಿ ಕಾರ್ಡ್ ಒಪ್ಪೋ ಕಡೆಯೂ ಉಂಟು. ತಿಂಗಳ ಫೀ ಎಷ್ಟು ಅಂತ ಮೊದಲೇ ಕೇಳಿ.

ಸಾಹುಕಾರರ ಖಾತೆ ನಂಬರ್ ಮಾತ್ರ ಕೊಡಬೇಡಿ. ಹಾಗೆ ಕೊಟ್ಟ ನಮ್ಮ ಹುಡುಗನೊಬ್ಬ ತನ್ನ ದುಡ್ಡನ್ನು ತಾನೇ ಮೂರು ತಿಂಗಳು ಬೇಡಿದ. ಊರಲ್ಲಿ ಅಂಚೆಯಣ್ಣ ಅಜ್ಜಿಯ ಪಿಂಚಣಿ ತಂದು ಅವಳ ಕೈಗೇ ಎಣಿಸಿ ಕೊಡುತ್ತಿದ್ದ, ಇಲ್ಲಿ ಅಂಥವರು ಯಾರಿದ್ದಾರೆ?

ಚಹಾ ಮುಗಿಯೋ ತನಕ ಹಿಂದಿನ ಮೇಜಿನ ಹತ್ತಿರ ಇರ್ತೀನಿ. ಹೋದ ವರ್ಷದ ರಿಟರ್ನ್ ಫೋನಿನಲ್ಲಿ ಇದ್ದರೆ ತನ್ನಿ, ಅದರಲ್ಲಿ ಯಾವ ವಿಳಾಸ ಇದೆ ಅಂತ ಒಟ್ಟಿಗೆ ನೋಡೋಣ.