ಹುಳು ಯಾಕೆ ಬೆಳ್ಳಗಿದೆ?

ಮಕ್ಕಳ ವಿಜ್ಞಾನ ಪ್ರದರ್ಶನದ ಉದ್ಘಾಟನೆಗೆ ಕರೆದಿದ್ದೀರಿ, ಸಂತೋಷ. ನನ್ನ ಸೇವೆಯೆಲ್ಲ ರೇಷ್ಮೆ ಇಲಾಖೆಯಲ್ಲಿ ಸವೆದದ್ದು. ರಾಕೆಟ್ಟು, ರೋಬೋಟುಗಳ ವಿಚಾರ ಮಕ್ಕಳೇ ಹೇಳಲಿ, ನಾನು ಹುಳುವಿನ ವಿಚಾರ ಹೇಳುತ್ತೇನೆ.

ಚನ್ನಪಟ್ಟಣದ ಕಡೆ ಒಂದು ಹುಳುಮನೆಗೆ ಹೋಗಿದ್ದೆ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಹಂತ, ಕಳೆದ ಹುಳುಗಳು ಭರ್ತಿ ಸೊಪ್ಪು ಕಡಿಯುತ್ತಿದ್ದವು. ತಟ್ಟೆಯ ಹಿಕ್ಕೆ ತೆಗೆಯುತ್ತಿದ್ದ ಹೈಸ್ಕೂಲು ಹುಡುಗಿ ಕೇಳಿದಳು: “ಸಾರ್, ತಿನ್ನೋ ಸೊಪ್ಪು ಹಸಿರು, ಹಾಕೋ ಹಿಕ್ಕೆ ಕಪ್ಪು. ಹುಳ ಮಾತ್ರ ಯಾಕೆ ಇಷ್ಟು ಬೆಳ್ಳಗೆ?”

ಆ ಪ್ರಶ್ನೆಗೆ ಉತ್ತರ ಪ್ಯೂರಿನ್ ಎಂಬ ಅಣುವಿನಲ್ಲಿದೆ. ಐದು ಇಂಗಾಲ, ನಾಲ್ಕು ಸಾರಜನಕದ ಪರಮಾಣುಗಳು ಕೂಡಿ, ಒಂದಕ್ಕೊಂದು ಅಂಟಿದ ಎರಡು ಉಂಗುರಗಳಾದರೆ ಅದೇ ಪ್ಯೂರಿನ್‌ನ ಚೌಕಟ್ಟು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಅಡೆನಿನ್, ಗ್ವಾನಿನ್ ಎರಡೂ ಪ್ಯೂರಿನ್‌ಗಳು. ಒಂದು ಬದಿಗೆ ದೊಡ್ಡ ಪ್ಯೂರಿನ್, ಎದುರಿಗೆ ಮಿಕ್ಕೆರಡು ಅಕ್ಷರಗಳ ಗುಂಪಾದ ಚಿಕ್ಕ ಪಿರಿಮಿಡಿನ್. ಈ ಜೋಡಿಯಿಂದಲೇ ಡಿಎನ್‌ಎ ಉದ್ದಕ್ಕೂ ಒಂದೇ ಅಗಲಕ್ಕಿರುತ್ತದೆ. ಜೀವಕೋಶದ ಕೆಲಸಕ್ಕೆ ಶಕ್ತಿ ಒದಗಿಸುವ ಎಟಿಪಿಯಲ್ಲಿ ಅಡೆನಿನ್ ಇದೆ. ಬೆಳಗಿನ ಕಾಫಿಯ ಕೆಫೀನ್ ಕೂಡ ಇದೇ ಮನೆತನದ್ದು.

ಹುಳುವಿನ ಮೈಯಲ್ಲಿ ಪ್ಯೂರಿನ್ ಒಡೆದಾಗ ಕೊನೆಗೆ ಆಗುವುದು ಯೂರಿಕ್ ಆಮ್ಲ. ಹುಳುವಿಗೆ ಸೊಪ್ಪಿನ ತೇವವೇ ನೀರು. ಅದನ್ನು ಪೋಲು ಮಾಡದೆ, ಮಿಕ್ಕ ಸಾರಜನಕವನ್ನು ಅದು ಯೂರಿಕ್ ಆಮ್ಲವಾಗಿಸಿ ಹೊರಹಾಕುತ್ತದೆ. ಆ ಆಮ್ಲದಲ್ಲಿ ಒಂದಷ್ಟು ಸೂಕ್ಷ್ಮ ಕಣಗಳಾಗಿ ಚರ್ಮದಲ್ಲಿ ಕೂರುತ್ತದೆ. ಹುಳುವಿನ ಬಿಳುಪು ಅದೇ. ಕ್ಸಾಂಥೀನ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಜೀನ್ ಕೆಟ್ಟ ತಳಿಯಲ್ಲಿ ಈ ಆಮ್ಲ ತಯಾರಾಗದು. ಆಗ ಹುಳುವಿನ ಮೈ ಎಣ್ಣೆ ಸವರಿದ ಕಾಗದದಂತೆ ಪಾರದರ್ಶಕ. ನಮ್ಮ ದೇಹದಲ್ಲೂ ಯೂರಿಕ್ ಆಮ್ಲ ಮಾಡುವುದು ಇದೇ ಕಿಣ್ವ. ಆ ಆಮ್ಲ ಹೆಚ್ಚಾಗಿ ಕಾಲಿನ ಹೆಬ್ಬೆರಳ ಕೀಲಲ್ಲಿ ಹರಳುಗಟ್ಟಿದರೆ ಗೌಟ್ ನೋವು. ವೈದ್ಯರು ಕೊಡುವ ಅಲೊಪ್ಯೂರಿನಾಲ್ ಈ ಕಿಣ್ವವನ್ನೇ ತಡೆಯುತ್ತದೆ. ಆ ಔಷಧಿಯ ಹಿಂದಿರುವ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಬಂತು.

ಇಷ್ಟು ದೊಡ್ಡ ವಿಷಯಕ್ಕೆ ಕೈಹಾಕಿದ ಆ ಹುಡುಗಿ, ಮನೆಯಲ್ಲಿ ಹುಳು ಸಾಕುತ್ತೇವೆಂದು ಶಾಲೆಯಲ್ಲಿ ಬಾಯಿಬಿಡುತ್ತಿರಲಿಲ್ಲ. ಮೈಯೆಲ್ಲ ಹುಳದ ವಾಸನೆ ಎಂದು ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲವಂತೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ದೇಶದ ನಾನಾ ಕಡೆಗೆ ಹೆಸರಾದ ಗೂಡಿನ ಮಾರುಕಟ್ಟೆ ಈ ರಾಮನಗರದ್ದು. ಇಲ್ಲಿ ಹುಳು ಸಾಕುವ ಮನೆಯ ಮಕ್ಕಳು ತಲೆ ತಗ್ಗಿಸಬೇಕೇ? ಮೊಟ್ಟೆ ಒಡೆಯುವುದರಿಂದ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೆ ರಾತ್ರಿ ಎದ್ದೆದ್ದು ನೋಡಿದ ಮಗು ಜೀವಶಾಸ್ತ್ರವನ್ನು ಅರ್ಧ ಕಲಿತೇ ತರಗತಿಗೆ ಬಂದಿರುತ್ತದೆ. ಮಿಕ್ಕರ್ಧ ಕಲಿಸುವುದು ನಮ್ಮ ಹೊಣೆ.

ಶಿಕ್ಷಕರಲ್ಲಿ ಒಂದೇ ವಿನಂತಿ: ಮುಂದಿನ ಸಲ ಥರ್ಮಕೋಲಿನ ಡಿಎನ್‌ಎ ಪಕ್ಕದಲ್ಲಿ ಒಂದು ತಟ್ಟೆ ಹುಳು ಇಡಿಸಿ. ಸಾಕಿದ ಮಗುವೇ ನಿಂತು ವಿವರಿಸಲಿ. ಸೊಪ್ಪು ತಂದುಕೊಡುವ ಕೆಲಸ ನನ್ನದು. ಪ್ರದರ್ಶನ ಈಗ ನಿಮ್ಮದು, ಬನ್ನಿ, ಮಕ್ಕಳನ್ನು ಪ್ರಶ್ನೆ ಕೇಳೋಣ.