ನ್ಯಾಯಾಧೀಶರ ಕಾರಕೂನನ ಪಗಾರ

(ವಿಜಯಪುರದಲ್ಲಿ ಮಾಡಿದ ಭಾಷಣ)



ನ್ಯಾಯಾಲಯವೆಂದೊಡನೆ ನಮ್ಮ ಜನರ ಕಣ್ಣ ಮುಂದೆ ನಿಲ್ಲುವವರು ಇಬ್ಬರೇ. ಮೇಲೆ ಕುಳಿತ ನ್ಯಾಯಾಧೀಶರು, ಕೆಳಗೆ ನಿಂತ ವಕೀಲರು. ಇವರ ನಡುವೆ ಕಾಗದದ ಕಟ್ಟುಗಳಲ್ಲಿ ಮುಳುಗಿ ಕುಳಿತ ಕಾರಕೂನನನ್ನು ಯಾರೂ ನೋಡುವದಿಲ್ಲ. ಆದರೆ ತಿಕೋಟಾದ ದ್ರಾಕ್ಷಿ ಬೆಳೆಗಾರನು ಬದುವಿನ ವ್ಯಾಜ್ಯಕ್ಕಾಗಿಯೋ, ಬಬಲೇಶ್ವರದ ವಿಧವೆಯು ತನ್ನ ಪಾಲಿಗಾಗಿಯೋ ವಿಜಯಪುರದ ಕೋರ್ಟಿನ ಮೆಟ್ಟಲು ಹತ್ತಿದಾಗ, ಅವರ ದಾವೆಯ ಕಾಗದಗಳನ್ನು ಪರೀಕ್ಷಿಸುವವನು, ಸಮನ್ಸನ್ನು ಸಿದ್ಧಪಡಿಸುವವನು, ತಾರೀಖನ್ನು ಬರೆದುಕೊಳ್ಳುವವನು, ಕಡೆಗೆ ತೀರ್ಪಿನ ನಕಲನ್ನು ಕೈಗೆ ಕೊಡುವವನು ಇವನೇ. (ಈಗ ಕಾರಕೂನರಲ್ಲಿ ಸ್ತ್ರೀಯರೂ ಅನೇಕರಿರುವರು, 'ಇವನು' ಎಂದದ್ದು ಮಾತಿನ ರೂಢಿಯಿಂದ.) ಇವನ ಪಗಾರವನ್ನು ಯಾರು ಗೊತ್ತುಮಾಡುವರು, ಯಾರ ಗಂಟಿನಿಂದ ಕೊಡುವರು ಎಂಬದು ಪಕ್ಷಕಾರನೂ ತಿಳಿದಿರಬೇಕಾದ ಸಂಗತಿ.

ಇದನ್ನು ನಾವು ಇಂದು ಎತ್ತಿಕೊಂಡುದಕ್ಕೆ ಕಾರಣವುಂಟು. 2018ರಲ್ಲಿ ತಿಕೋಟಾ, ಬಬಲೇಶ್ವರಗಳು ಹೊಸ ತಾಲೂಕುಗಳಾದವು. ತಾಲೂಕಾದ ಊರಿಗೆ ಕೋರ್ಟೂ ಬೇಕೆಂದು ಜನರು ಕೇಳುವದು ಸಹಜವೇ. ಆದರೆ ಶಿರಸ್ತೇದಾರ, ಕಾರಕೂನರು, ಶೀಘ್ರಲಿಪಿಗಾರ, ಬೆರಳಚ್ಚುಗಾರ, ಬೇಲೀಫ, ಜವಾನ ಇಷ್ಟು ಜನರ ಹುದ್ದೆಗಳಿಗೆ ಸರಕಾರದ ಮಂಜೂರಿ ದೊರೆಯದಿದ್ದರೆ, ನ್ಯಾಯಾಧೀಶರೊಬ್ಬರೇ ಬಂದು ಬರಿಯ ಕೋಣೆಯಲ್ಲಿ ಮಾಡುವದೇನು?

ಒಂದೇ ಮುಕದ್ದಮೆಯ ಕಾಗದದ ಕಟ್ಟನ್ನು ಹಿಂಬಾಲಿಸಿ ನೋಡೋಣ. ವಿಜಯಪುರದ ಜಿಲ್ಲಾ ಕೋರ್ಟಿನಲ್ಲಿ ಅದನ್ನು ಕಾಯುವ ಕಾರಕೂನನು ರಾಜ್ಯ ಸರಕಾರದ ನೌಕರ. ಸಂವಿಧಾನದ 235ನೆಯ ಕಲಮಿನಂತೆ ಕೆಳಗಿನ ಕೋರ್ಟುಗಳ ಮೇಲ್ವಿಚಾರಣೆ ಹಾಯಕೋರ್ಟಿನದು. ಕಾರಕೂನನಿಗೆ ನೇಮಕದ ಆಜ್ಞೆ ಕೊಡುವವರು ಜಿಲ್ಲಾ ನ್ಯಾಯಾಧೀಶರು. ಆದರೆ ಅವನ ವೇತನದ ಶ್ರೇಣಿಯನ್ನು ಬರೆಯುವ ಕೈ ಸರಕಾರದ್ದು, ಅದರ ಹಣಕ್ಕೆ ಮಂಜೂರಿ ಕೊಡುವದು ವಿಧಾನಸಭೆಯ ಮತ. ಅದೇ ಕಟ್ಟು ಮೇಲ್ಮನವಿಯಲ್ಲಿ ಕಲಬುರ್ಗಿಯ ಹಾಯಕೋರ್ಟು ಪೀಠಕ್ಕೆ ಹೋಯಿತೆನ್ನಿರಿ. (2008ರಲ್ಲಿ ಆರಂಭವಾಗಿ 2013ರಲ್ಲಿ ಕಾಯಂ ಆದ ಪೀಠವದು.) ಅಲ್ಲಿ ಕಟ್ಟನ್ನು ಬಿಚ್ಚುವ ಕಾರಕೂನನ ಸ್ಥಿತಿಯೇ ಬೇರೆ. 229ನೆಯ ಕಲಮಿನಂತೆ ಅವನ ಸೇವಾ ನಿಯಮಗಳನ್ನು ಮಾಡುವವರು ಮುಖ್ಯ ನ್ಯಾಯಾಧೀಶರು. ಪಗಾರದ ವಿಷಯಕ್ಕೆ ಮಾತ್ರ ರಾಜ್ಯಪಾಲರ ಒಪ್ಪಿಗೆ ಬೇಕು. ಸುಪ್ರೀಂ ಕೋರ್ಟಿನ ನೌಕರರಿಗೆ ಸಂಬಂಧಿಸಿದ ಇಂಥದೇ ಕಲಮನ್ನು ಕುರಿತು 1989ರಲ್ಲಿ ಬಂದ ತೀರ್ಪಿನಲ್ಲಿ, ಬಲವಾದ ಕಾರಣವಿಲ್ಲದೆ ಇಂಥ ಒಪ್ಪಿಗೆಯನ್ನು ತಡೆಯಬಾರದೆಂದು ಹೇಳಲಾಗಿದೆ. ಅಲ್ಲದೆ ಹಾಯಕೋರ್ಟಿನ ನೌಕರರ ಪಗಾರವು ನೆಟ್ಟಗೆ ರಾಜ್ಯದ ಸಂಚಿತ ನಿಧಿಯ ಮೇಲಿನ ಭಾರ; ಸಭೆಯು ಅದನ್ನು ಚರ್ಚಿಸಬಹುದು, ಮತಕ್ಕೆ ಹಾಕಲಾರದು. ಕಟ್ಟು ಒಂದೇ, ನ್ಯಾಯ ಒಂದೇ, ಅದನ್ನು ಕಾಯುವ ಇಬ್ಬರಿಗೆ ರಕ್ಷಣೆ ಮಾತ್ರ ಎರಡು ಬಗೆಯದು.

ಏಕೀಕರಣದ ಪಕ್ಷದವರಾದ ನಾವು ಇಲ್ಲಿ ಹಳೆಯ ಮಾತೊಂದನ್ನು ನೆನೆಯಬೇಕು. 1956ರ ನವೆಂಬರ 1ರಂದು ನಮ್ಮ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಬಂದಾಗ ಜನರಷ್ಟೇ ಬರಲಿಲ್ಲ, ಕಚೇರಿಗಳ ಕಾರಕೂನರೂ ಬಂದರು. ಮುಂಬಯಿ, ಹೈದರಾಬಾದ, ಮದ್ರಾಸ, ಕೊಡಗು, ಮೈಸೂರು ಹೀಗೆ ಐದು ಕಡೆಯ ಪಗಾರದ ಪಟ್ಟಿಗಳೂ ಜ್ಯೇಷ್ಠತೆಯ ಲೆಕ್ಕಗಳೂ ಒಂದೇ ಮೇಜಿನ ಮೇಲೆ ಬಿದ್ದವು. ಬಂದ ನೌಕರನ ಸೇವಾ ನಿಯಮಗಳನ್ನು ಕೇಂದ್ರದ ಪೂರ್ವಾನುಮತಿಯಿಲ್ಲದೆ ಅವನಿಗೆ ನಷ್ಟವಾಗುವಂತೆ ಬದಲಿಸಕೂಡದೆಂದು ರಾಜ್ಯಗಳ ಪುನರ್ವಿಂಗಡಣೆಯ ಕಾಯದೆಯ 115ನೆಯ ಕಲಮು ಕಾವಲಿಟ್ಟಿತು. ಮುಂದೆ 1958ರಲ್ಲಿ ಕೋರ್ಟು ಶುಲ್ಕದ ಕಾಯದೆ, 1964ರಲ್ಲಿ ಸಿವಿಲ್ ಕೋರ್ಟುಗಳ ಕಾಯದೆ ಬಂದು ನಾಡಿಗೆಲ್ಲ ಒಂದೇ ಪದ್ಧತಿಯಾಯಿತು. ಭಾಷಣ ಮಾಡಿದವರ ಹೆಸರುಗಳು ನಮಗೆ ನೆನಪಿವೆ. ಈ ಪಟ್ಟಿಗಳನ್ನು ಹೊಂದಿಸಿದ ಗುಮಾಸ್ತರ ಹೆಸರು ಯಾರಿಗೂ ನೆನಪಿಲ್ಲ.

ಕೆಳಗಿನ ಕೋರ್ಟುಗಳ ನೌಕರರ ಕಡೆಗೆ ದೇಶದ ದೃಷ್ಟಿ ಹರಿದುದು ಬಹಳ ತಡವಾಗಿ, ಅದೂ ಕನ್ನಡಿಗರೊಬ್ಬರ ಕೈಯಿಂದ. ಕರ್ನಾಟಕ ಹಾಯಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಏರಿದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗವು 1996ರಲ್ಲಿ ನೇಮಕವಾಯಿತು. 1999ರಲ್ಲಿ ನ್ಯಾಯಾಧೀಶರ ವೇತನದ ವರದಿ, 2003ರಲ್ಲಿ ನೌಕರರ ವರದಿ ಹೊರಬಿದ್ದವು. ಎರಡನೆಯದರ ಪ್ರಯೋಜನವನ್ನು 2003ರ ಏಪ್ರಿಲ್ 1ರಿಂದಲೇ ಕೊಡಬೇಕೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿದುದು 2009ರಲ್ಲಿ. ಆರು ವರ್ಷ! ಹೆಚ್ಚುವರಿ ವೆಚ್ಚದ ಅರ್ಧವನ್ನು ಕೇಂದ್ರವು ಹೊರಲೆಂದು ಆಯೋಗವು ಹೇಳಿದ್ದಿತು. ಅದನ್ನು 2002ರ ತೀರ್ಪು ಒಪ್ಪಲಿಲ್ಲ. 1977ರಿಂದ ನ್ಯಾಯಾಡಳಿತದ ವಿಷಯವು ಸಮವರ್ತಿ ಪಟ್ಟಿಯಲ್ಲಿದೆ. ಚೆಕ್ಕಿನ ಮೊಕದ್ದಮೆಯಾಗಲಿ ಹಿಂದೂ ಉತ್ತರಾಧಿಕಾರದ ದಾವೆಯಾಗಲಿ ನಡೆಯುವದು ದಿಲ್ಲಿಯ ಕಾಯದೆಯಂತೆ. ಅದನ್ನು ನಡೆಯಿಸುವ ಕಾರಕೂನನ ಅನ್ನ ಮಾತ್ರ ಬೆಂಗಳೂರಿನ ಲೆಕ್ಕದಲ್ಲಿ. ಇದು ನಮಗೆ ನ್ಯಾಯವೆಂದು ತೋರುವದಿಲ್ಲ.

ಈಗಿನ ಅಂಕಿಗಳು ಹೀಗಿವೆ. ರಾಜ್ಯದ ಏಳನೆಯ ವೇತನ ಆಯೋಗದ ಮೇಲೆ 2024ರ ಆಗಸ್ಟ 1ರಿಂದ ಜಾರಿಯಾದ ಶ್ರೇಣಿಗಳಲ್ಲಿ ಜವಾನನ ಮೂಲವೇತನವು ತಿಂಗಳಿಗೆ 17,000ದಿಂದ 27,000 ರೂಪಾಯಿಗೂ, ದ್ವಿತೀಯ ದರ್ಜೆಯ ಸಹಾಯಕನದು 21,400ರಿಂದ 34,100ಕ್ಕೂ, ಪ್ರಥಮ ದರ್ಜೆಯವನದು 27,650ರಿಂದ 44,425ಕ್ಕೂ ಆರಂಭದ ಹಂತದಲ್ಲಿ ಏರಿದವು. ಬಡತನದ ಪಗಾರವೆಂದು ಇದನ್ನು ಯಾರೂ ಅನ್ನಲಾರರು, ನಾವೂ ಅನ್ನುವದಿಲ್ಲ. ಆದುದರಿಂದ ನಕಲಿಗಾಗಿ 'ಚಹಾಪಾನಿ' ಕೇಳುವವನಿಗೆ ಹೊಟ್ಟೆಯ ನೆವವು ಇನ್ನುಳಿದಿಲ್ಲ. ಈ ಹಣವು ಬಜೆಟ್ಟಿನ 2014 ಎಂಬ ನ್ಯಾಯಾಡಳಿತದ ಶೀರ್ಷಿಕೆಯಿಂದ ಹೊರಡುವದು. ಪಕ್ಷಕಾರನು ಹಚ್ಚುವ ಕೋರ್ಟು ಮುದ್ರಾಂಕದ ಹಣವು ಸೇರುವದು 0030 ಎಂಬ ಬೇರೊಂದು ಶೀರ್ಷಿಕೆಗೆ. ಎರಡಕ್ಕೂ ಗಂಟು ಹಾಕಿದವರಿಲ್ಲ. ಕರ್ನಾಟಕದ ಕೋರ್ಟು ಶುಲ್ಕವನ್ನು ಪ್ರಶ್ನಿಸಿದ ಅಶ್ವತ್ಥನಾರಾಯಣ ಸೆಟ್ಟಿಯವರ ಮೊಕದ್ದಮೆಯಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು ಶುಲ್ಕವನ್ನು ಎತ್ತಿಹಿಡಿಯಿತು. ಶುಲ್ಕಕ್ಕೂ ಸೇವೆಗೂ ಸ್ಥೂಲವಾದ ಸಂಬಂಧವಿದ್ದರೆ ಸಾಕೆಂದಿತು. ಹೀಗಿರಲು ತೆರಿಗೆಯಿಂದ ಒಮ್ಮೆ, ಮುದ್ರಾಂಕದಿಂದ ಇನ್ನೊಮ್ಮೆ ಕೊಡುವ ತಿಕೋಟಾದ ರೈತನಿಗೆ, ತನ್ನ ಊರ ಕೋರ್ಟಿನ ಹುದ್ದೆಗಳೆಷ್ಟು, ತುಂಬಿದವೆಷ್ಟು ಎಂದು ಕೇಳುವ ಅಧಿಕಾರವಿಲ್ಲವೇ?

ಇದಕ್ಕೆ ದಿಲ್ಲಿಯ ದಾರಿ ಕಾಯಬೇಕಾಗಿಲ್ಲ. ಯಾವದೇ ವೆಚ್ಚವನ್ನು ಸಂಚಿತ ನಿಧಿಯ ಮೇಲಿನ ಭಾರವೆಂದು ಸಾರುವ ಅಧಿಕಾರವನ್ನು ಸಂವಿಧಾನದ 202ನೆಯ ಕಲಮು ರಾಜ್ಯದ ವಿಧಾನಮಂಡಲಕ್ಕೇ ಕೊಟ್ಟಿದೆ. ಜಿಲ್ಲಾ ಹಾಗೂ ತಾಲೂಕು ಕೋರ್ಟುಗಳ ನೌಕರರ ಪಗಾರವನ್ನು ಆ ಸಾಲಿಗೆ ಸೇರಿಸುವ ಚಿಕ್ಕ ಕಾಯದೆಯೊಂದನ್ನು ಕರ್ನಾಟಕವು ತಾನೇ ಮಾಡಬಲ್ಲದು. ಇದರಿಂದ ಪಗಾರವು ಒಂದು ಪೈಯೂ ಹೆಚ್ಚಾಗದು, ಹುದ್ದೆಯ ಮಂಜೂರಿಯೂ ಸರಕಾರದ ಕೈಯಲ್ಲೇ ಉಳಿಯುವದು. ಆದರೆ ಮಂಜೂರಾದುದು ವರ್ಷವರ್ಷದ ಮತದ ದಾಕ್ಷಿಣ್ಯಕ್ಕೆ ಸಿಗದು. ಸಭೆಯ ಹಿಡಿತವು ತಪ್ಪುವದೆಂದು ಕೆಲವರು ಅನ್ನಬಹುದು. ಚರ್ಚೆಯ ಬಾಗಿಲನ್ನು 203ನೆಯ ಕಲಮು ತೆರೆದೇ ಇಟ್ಟಿದೆ. ಹಿಂದಿನ ತಿಕೋಟಾ ಮತಕ್ಷೇತ್ರವು 2008ರಿಂದ ಬಬಲೇಶ್ವರವಾಗಿದೆ. ಆ ಕ್ಷೇತ್ರದ ಪ್ರತಿನಿಧಿಗೂ, ವಿಜಯಪುರ ನಗರದ ಪ್ರತಿನಿಧಿಗೂ ಈ ಒಂದು ಕಾಯದೆಯ ವಿಷಯವಾಗಿ ಬರೆಯಿರಿ, ಪತ್ರದ ಕೆಳಗೆ ನಿಮ್ಮ ಊರಿನ ಶಿಕ್ಷಕರ ಸಹಿಗಳೂ ಇರಲಿ.