ಒಂದು ಶಿಲ್ಲಿಂಗ್ ವಿಮರ್ಶೆ

ಮಕ್ಕಳ ಪುಸ್ತಕವನ್ನು ಅಳೆಯಲು ಮಕ್ಕಳೇ ಸರಿ ಎಂದು ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ನಂಬಿದ್ದರು. 1936ರಲ್ಲಿ ಒಂದು ಹಸ್ತಪ್ರತಿಯನ್ನು ಹತ್ತು ವರ್ಷದ ಮಗ ರೇನರ್ ಕೈಗಿತ್ತರು. ಸಂಭಾವನೆ ಒಂದು ಶಿಲ್ಲಿಂಗ್.

ಹುಡುಗ ಬರೆದದ್ದು ಪುಟ್ಟ ವರದಿ, ಅದರಲ್ಲೂ ಕಾಗುಣಿತದ ತಪ್ಪುಗಳು. ಆದರೂ ಕಥೆಯ ಎಳೆಯನ್ನು ಬಿಡದೆ ಹೇಳಿದ. ನಕ್ಷೆಗಳಿದ್ದರೆ ಬೇರೆ ಚಿತ್ರ ಬೇಡವೆಂದ. ಐದರಿಂದ ಒಂಬತ್ತು ವರ್ಷದವರಿಗೆಲ್ಲ ಹಿಡಿಸುತ್ತದೆ ಎಂದು ತೀರ್ಪಿತ್ತ. ಅದೇ ಟಾಲ್ಕಿನ್ ಅವರ ‘ದಿ ಹಾಬಿಟ್’. 1937ರ ಸೆಪ್ಟೆಂಬರಿನಲ್ಲಿ ಅಚ್ಚಾದ 1500 ಪ್ರತಿಗಳು ಡಿಸೆಂಬರಿನೊಳಗೆ ಮುಗಿದವು. ಮುಂದೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಪ್ರಕಟಣೆಗೆ ಪಟ್ಟು ಹಿಡಿದವರೂ, ಸಾವಿರ ಪೌಂಡ್ ನಷ್ಟವಾಗಬಹುದೆಂದು ತಂದೆಗೆ ಮೊದಲೇ ತಿಳಿಸಿದವರೂ ಇದೇ ರೇನರ್.

ಎಂಥ ಓದುಗ!

ಈಗ ಓದಿಗೂ ಗುರಿಗಳಿವೆ. ಬ್ರಿಟನ್ನಿನ ಗ್ರಂಥಾಲಯಗಳು 1999ರಿಂದ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಆರು ಪುಸ್ತಕಗಳ ಸವಾಲು ಒಡ್ಡುತ್ತಿವೆ. ಪುಸ್ತಕ ಹಿಡಿಯಲು ಹಿಂಜರಿಯುವ ಮಗುವಿಗೆ ಇಂಥ ಎಣಿಕೆ ನಿಜಕ್ಕೂ ಆಸರೆ. ಆದರೆ ‘ಎಷ್ಟು ಮುಗಿಸಿದೆ?’ ಎಂದಷ್ಟೇ ಕೇಳಿದರೆ ರೇನರ್‌ನಂಥ ಓದುಗ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಅಲ್ಲಿನ ಸಿಬ್ಬಂದಿ ಮತ್ತು ಸ್ವಯಂಸೇವಕರು, ಪುಸ್ತಕ ಮರಳಿಸಲು ಬಂದ ಮಗುವನ್ನು ಮಾತಿಗೆಳೆದು, ಏನು ಇಷ್ಟವಾಯಿತೆಂದು ವಿಚಾರಿಸುತ್ತಾರೆ.